ವೃದ್ಧ ಕೈದಿಗಳ ಪೆರೋಲ್: ಕಾರಣ ಕೇಳುವ ಕಾನೂನು, ಬಾಗಿಲು ಮುಚ್ಚುವ ಸಮಾಜ

2024ರ ನವೆಂಬರ್ ತಿಂಗಳಲ್ಲಿ ಉಪಲೋಕಾಯುಕ್ತ ನ್ಯಾಯಮೂರ್ತಿ ಬಿ. ವೀರಪ್ಪನವರು ಕಲಬುರಗಿಯ ಕೇಂದ್ರ ಕಾರಾಗೃಹಕ್ಕೆ ಭೇಟಿ ನೀಡಿದಾಗ ಅಲ್ಲಿ 93 ವರ್ಷ ವಯಸ್ಸಿನ ಓರ್ವ ವೃದ್ಧೆಯನ್ನು ಕಂಡರು. ವರದಕ್ಷಿಣೆ ಪ್ರಕರಣವೊಂದರಲ್ಲಿ ಶಿಕ್ಷೆಗೊಳಗಾಗಿದ್ದ ಆಕೆಗೆ ನಿತ್ಯದ ಸಣ್ಣಪುಟ್ಟ ಕೆಲಸಗಳಿಗೂ ಇತರರ ಆಸರೆ ಬೇಕಾಗಿತ್ತು. ಆಕೆಯ ಬಿಡುಗಡೆಗೆ ಇರುವ ಕಾನೂನುಬದ್ಧ ದಾರಿಗಳನ್ನು ಹುಡುಕುವಂತೆ ಅವರು ಕಾಳಜಿ ತೋರಿದರು. ಪತ್ರಿಕೆಗಳಲ್ಲಿ ಸುದ್ದಿ ಬಂತು, ನಾಡಿನ ಜನ ಮರುಗಿದರು. ಆದರೆ ಆ ಮರುಕದ ನಡುವೆ ಒಂದು ಪ್ರಶ್ನೆ ಕೇಳದೆಯೇ ಉಳಿಯಿತು. ಓರ್ವ ಉನ್ನತಾಧಿಕಾರಿ ಆ ದಿನ ಆ ಕೊಠಡಿಯತ್ತ ಹೆಜ್ಜೆ ಹಾಕದೇ ಇದ್ದಿದ್ದರೆ ಆ ವೃದ್ಧೆಯನ್ನು ಕಾಣುತ್ತಿದ್ದವರು ಯಾರು? ಕಾನೂನಿಗೆ ಆಕೆಯ ವಯಸ್ಸು ಗೊತ್ತಿರಲಿಲ್ಲವೇ?

ಗೊತ್ತಿತ್ತು. ದಾಖಲೆಯಲ್ಲಿ ವಯಸ್ಸನ್ನು ಬರೆಯಲಾಗಿರುತ್ತದೆ. ಆದರೆ ಬರೆದದ್ದನ್ನು ಓದುವವರಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಕಾರಾಗೃಹ ಅಂಕಿ ಅಂಶಗಳಲ್ಲಿ ಕೈದಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸುವಾಗ ಹದಿನೆಂಟರಿಂದ ಮೂವತ್ತು, ಮೂವತ್ತರಿಂದ ಐವತ್ತು ಎಂದು ಎಣಿಸಿ, ಅನಂತರದವರನ್ನೆಲ್ಲ 'ಐವತ್ತು ಮತ್ತು ಮೇಲ್ಪಟ್ಟವರು' ಎಂಬ ಒಂದೇ ಅಂಕಣಕ್ಕೆ ಸೇರಿಸಲಾಗುತ್ತದೆ. ಐವತ್ತೊಂದು ವರ್ಷದ ಗಟ್ಟಿಮುಟ್ಟಾದ ಪುರುಷನೂ ತೊಂಬತ್ತಮೂರರ ಹಣ್ಣು ಮುದುಕಿಯೂ ಅಲ್ಲಿ ಸಮಾನರು. ಎಣಿಕೆಯಲ್ಲಿಯೇ ಕಾಣಿಸದವರು ಕರುಣೆಯಲ್ಲಿ ಹೇಗೆ ಕಾಣಿಸಿಯಾರು?

ನಮ್ಮ ಓದುಗರಲ್ಲಿ ಅನೇಕರಿಗೆ ಪೆರೋಲ್ ಎಂಬುದು ಕೇವಲ ಪತ್ರಿಕೆಯ ಪದವಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲೂಕುಗಳು ಸೇರಿರುವ ಮಂಡ್ಯ ಜಿಲ್ಲೆಯಲ್ಲಿ ಕೇಂದ್ರ ಕಾರಾಗೃಹವಿಲ್ಲ. ದೀರ್ಘ ಶಿಕ್ಷೆಗೊಳಗಾದವರನ್ನು ನೋಡಬೇಕಾದರೆ ಮನೆಯವರು ಸಾಮಾನ್ಯವಾಗಿ ಮೈಸೂರಿನ ದಾರಿ ಹಿಡಿಯಬೇಕು. ಶ್ರೀರಂಗಪಟ್ಟಣದವರಿಗೆ ಅದು ಹೊಳೆ ದಾಟಿದಷ್ಟು ಹತ್ತಿರ. ನಾಗಮಂಗಲದ ಅಥವಾ ಕೆ.ಆರ್. ಪೇಟೆಯ ಹಳ್ಳಿಯೊಂದರ ವೃದ್ಧ ಹೆಂಡತಿಗೆ ಅದು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳುವ ಪ್ರಯಾಣ. ಭೇಟಿಗಳು ಮೊದಲು ತಿಂಗಳಿಗೊಮ್ಮೆ ನಡೆಯುತ್ತವೆ, ಬಳಿಕ ಹಬ್ಬಕ್ಕೊಮ್ಮೆ, ಕೊನೆಗೆ ಅದೂ ನಿಲ್ಲುತ್ತದೆ.

ಪೆರೋಲ್ ಎಂದರೆ ಬಿಡುಗಡೆಯಲ್ಲ, ಕ್ಷಮಾದಾನವೂ ಅಲ್ಲ. ಶಿಕ್ಷೆ ಅನುಭವಿಸುತ್ತಿರುವವನನ್ನು ಷರತ್ತುಗಳ ಮೇಲೆ ಕೆಲವು ದಿನಗಳ ಮಟ್ಟಿಗೆ ಮನೆಗೆ ಕಳುಹಿಸಿ, ಅವಧಿ ಮುಗಿದಾಗ ಮರಳಿ ಬರಮಾಡಿಕೊಳ್ಳುವ ವ್ಯವಸ್ಥೆ ಅದು. ನಮ್ಮ ರಾಜ್ಯದಲ್ಲಿ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ 2021ರ ಕೈಪಿಡಿ ಇದಕ್ಕೆ ಆಧಾರ. ಕೈದಿ ಅಥವಾ ಆತನ ಮನೆಯವರು ಅರ್ಜಿ ಸಲ್ಲಿಸಬೇಕು, ಊರಿನ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳಲಾಗುತ್ತದೆ, ಜಾಮೀನುದಾರರು ಬೇಕಾಗುತ್ತಾರೆ, ಹೊರಬಂದವನು ಠಾಣೆಗೆ ಹಾಜರಿ ಹಾಕುತ್ತಿರಬೇಕು. ಪೆರೋಲ್‌ನಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವಧಿಪೂರ್ವ ಬಿಡುಗಡೆಗೆ ಬೇಕಾದ ಹದಿನಾಲ್ಕು ವರ್ಷಗಳ ಸೆರೆವಾಸವನ್ನು ಎಣಿಸುವಾಗ ಪೆರೋಲ್ ಅವಧಿಯನ್ನು ಕಳೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿ ಗೋವಾದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ಅಂದರೆ ಮನೆಯಲ್ಲಿ ಕಳೆದ ಪ್ರತಿಯೊಂದು ದಿನವನ್ನೂ ಕೈದಿಯು ಮರಳಿ ಜೈಲಿನಲ್ಲಿ ತೀರಿಸಬೇಕು. ಇದು ಸಾಲವೇ ಹೊರತು ದಾನವಲ್ಲ.

ಈ ಸಾಲವನ್ನು ಕೇಳಲು ಕಾರಣ ಬೇಕು. ಸಾಮಾನ್ಯವಾಗಿ ಪರಿಗಣನೆಗೆ ಬರುವ ಕಾರಣಗಳು ಯಾವುವು? ತಂದೆತಾಯಿಯ ಕಾಯಿಲೆ, ಹತ್ತಿರದವರ ಮರಣ, ಮಗಳ ಅಥವಾ ತಂಗಿಯ ಮದುವೆ, ಬಿದ್ದ ಮನೆಯ ದುರಸ್ತಿ, ಬೇಸಾಯ. 2024ರ ಡಿಸೆಂಬರ್‌ನಲ್ಲಿ ನಮ್ಮ ಉಚ್ಚ ನ್ಯಾಯಾಲಯವು, ಮನೆಯಲ್ಲಿ ಜಮೀನು ನೋಡಿಕೊಳ್ಳುವ ಗಂಡಸರಿಲ್ಲವೆಂದು ಮೊರೆಯಿಟ್ಟ ರಾಮನಗರ ಜಿಲ್ಲೆಯ ಜೀವಾವಧಿ ಕೈದಿಯೊಬ್ಬರಿಗೆ ಬೇಸಾಯಕ್ಕಾಗಿಯೇ 90 ದಿನಗಳ ಪೆರೋಲ್ ನೀಡಿತು. ಕಬ್ಬು ಮತ್ತು ಭತ್ತದ ನಮ್ಮ ತಾಲೂಕುಗಳ ರೈತ ಕುಟುಂಬಗಳಿಗೆ ಆ ತೀರ್ಪಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಈ ಕಾರಣಗಳ ಪಟ್ಟಿಯನ್ನು ಎಪ್ಪತ್ತೈದರ ವೃದ್ಧನೋರ್ವನ ಕೈಗಿತ್ತು ನೋಡಿ. ಆತನ ತಂದೆತಾಯಿ ಎಂದೋ ತೀರಿಹೋಗಿದ್ದಾರೆ. ಮಕ್ಕಳ ಮದುವೆಗಳು ಆತ ಒಳಗಿರುವಾಗಲೇ ಮುಗಿದಿವೆ. ಜಮೀನು ಪಾಲಾಗಿದೆ ಅಥವಾ ಮಾರಾಟವಾಗಿದೆ. ಉಳುಮೆ ಮಾಡುತ್ತೇನೆಂದರೆ ನಂಬುವವರಿಲ್ಲ. ಕಾನೂನು ಕೇಳುವ ಕಾರಣಗಳೆಲ್ಲವೂ ಮಧ್ಯವಯಸ್ಸಿನವನ ಕಾರಣಗಳು. ವೃದ್ಧನ ಬಳಿ ಅವೆಲ್ಲ ಖರ್ಚಾಗಿಹೋಗಿವೆ. ಆತನಲ್ಲಿ ಉಳಿದಿರುವುದು ಒಂದೇ ಕಾರಣ, ಅದು ಆತನ ಮುಪ್ಪು. ಅದನ್ನು ಸ್ವತಂತ್ರವಾದ, ಸಾಕಾದ ಒಂದು ಕಾರಣವೆಂದು ಕಾಣುವ ರೂಢಿ ನಮ್ಮ ವ್ಯವಸ್ಥೆಯಲ್ಲಿ ಬೆಳೆದಿಲ್ಲ. ಸಾಯುವ ಮುನ್ನ ತನ್ನ ಮನೆಯ ಹೊಸ್ತಿಲಲ್ಲಿ ನಾಲ್ಕು ದಿನ ಕುಳಿತುಕೊಳ್ಳಬೇಕೆಂಬ ಬಯಕೆಗೆ ಅರ್ಜಿಯಲ್ಲಿ ಜಾಗವಿಲ್ಲ. ಇದೇ ನಮ್ಮ ಇಂದಿನ ವಾದದ ತಿರುಳು.

ವಯಸ್ಸನ್ನು ಗುರುತಿಸುವುದು ಸರ್ಕಾರಕ್ಕೆ ಅಸಾಧ್ಯವೆಂದೇನೂ ಅಲ್ಲ. ಗಾಂಧೀಜಿಯವರ 150ನೇ ಜನ್ಮವರ್ಷದ ಅಂಗವಾಗಿ 2018 ಮತ್ತು 2019ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ವಿಶೇಷ ಮಾಫಿಯಲ್ಲಿ, ಅರ್ಧದಷ್ಟು ಶಿಕ್ಷೆ ಮುಗಿಸಿದ 60 ದಾಟಿದ ಪುರುಷರಿಗೂ 55 ದಾಟಿದ ಮಹಿಳೆಯರಿಗೂ ಅವಕಾಶವಿತ್ತು. ಸ್ವಾತಂತ್ರ್ಯದ ಅಮೃತ ಮಹೋತ್ಸವದ ನೆಪದಲ್ಲಿ 2022 ಮತ್ತು 2023ರಲ್ಲಿ ಅಂತಹುದೇ ಯೋಜನೆ ಮತ್ತೆ ಬಂತು. ಘೋರ ಅಪರಾಧಗಳನ್ನೂ ವಿಶೇಷ ಕಾನೂನುಗಳ ಪ್ರಕರಣಗಳನ್ನೂ ಹೊರಗಿಟ್ಟರೂ ಮುಪ್ಪು ಒಂದು ಕಾರಣವೆಂಬುದನ್ನು ಸರ್ಕಾರ ಈ ಮೂಲಕ ತಾನಾಗಿಯೇ ಒಪ್ಪಿಕೊಂಡಿತು. ಪ್ರಶ್ನೆಯಿರುವುದು ಇಷ್ಟೇ: ಉತ್ಸವದ ವರ್ಷದಲ್ಲಿ ನ್ಯಾಯವೆನಿಸಿದ್ದು ಸಾಧಾರಣ ವರ್ಷದಲ್ಲಿ ಏಕೆ ನ್ಯಾಯವಲ್ಲ? ಮುಪ್ಪು ಉತ್ಸವಗಳಿಗಾಗಿ ಕಾದು ಕುಳಿತುಕೊಳ್ಳುತ್ತದೆಯೇ?

ನ್ಯಾಯಾಲಯಗಳು ಈ ವಿಚಾರದಲ್ಲಿ ಸರ್ಕಾರಗಳಿಗಿಂತ ಮುಂದಿವೆ. ಕೈದಿಗೆ ಕುಟುಂಬದೊಂದಿಗಿನ ನಂಟು ಉಳಿಯಬೇಕು, ಸೆರೆವಾಸದ ಕೆಡುಕಿನಿಂದ ಆತನ ಮನಸ್ಸು ಜಡವಾಗದಂತೆ ನೋಡಿಕೊಳ್ಳಬೇಕು, ಜೊತೆಗೆ ಸಮಾಜದ ಸುರಕ್ಷೆಯನ್ನೂ ತೂಗಿ ನೋಡಬೇಕು ಎಂದು 2017ರ ಅಸ್ಫಾಕ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪೆರೋಲ್‌ನ ಉದ್ದೇಶವನ್ನು ವಿವರಿಸಿತು. 2025ರ ಫೆಬ್ರವರಿ 18ರಂದು ಅದೇ ನ್ಯಾಯಾಲಯವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅವಧಿಪೂರ್ವ ಬಿಡುಗಡೆಯ ನೀತಿಯಿರುವ ರಾಜ್ಯಗಳು ಅರ್ಹ ಕೈದಿ ಅರ್ಜಿ ಸಲ್ಲಿಸುವುದನ್ನು ಕಾಯದೆ ತಾವಾಗಿಯೇ ಆತನ ಪ್ರಕರಣವನ್ನು ಪರಿಗಣಿಸಬೇಕೆಂದು ಹೇಳಿತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2024ರ ಡಿಸೆಂಬರ್‌ನಲ್ಲಿ ವೃದ್ಧ ಹಾಗೂ ಮಾರಣಾಂತಿಕ ಕಾಯಿಲೆಯ ಕೈದಿಗಳಿಗಾಗಿ ವಿಶೇಷ ಅಭಿಯಾನ ಆರಂಭಿಸಿ, 2025ರಲ್ಲಿ ಅವರ ಬಿಡುಗಡೆ ಕೋರಿ ಸರ್ವೋಚ್ಚ ನ್ಯಾಯಾಲಯದ ಕದ ತಟ್ಟಿತು. ಅರ್ಜಿ ಬರೆಯಲಾರದವನ ಪರವಾಗಿ ವ್ಯವಸ್ಥೆಯೇ ಮೊದಲ ಹೆಜ್ಜೆ ಇಡಬೇಕೆಂಬ ತತ್ವವನ್ನು ಬಿಡುಗಡೆಗೆ ಅನ್ವಯಿಸಬಹುದಾದರೆ ಹದಿನೈದು ದಿನಗಳ ಪೆರೋಲ್‌ಗೆ ಅನ್ವಯಿಸಲು ಅಡ್ಡಿಯೇನು?

ಅಡ್ಡಿಯಿರುವುದು ತತ್ವದಲ್ಲಲ್ಲ, ಪ್ರಭಾವದಲ್ಲಿ. ಬಿಲ್ಕೀಸ್ ಬಾನು ಪ್ರಕರಣದ ಹನ್ನೊಂದು ಅಪರಾಧಿಗಳು ಶಿಕ್ಷೆಯ ಅವಧಿಯಲ್ಲಿ ತಲಾ ಸಾವಿರ ದಿನಗಳ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಕಾಲ ಪೆರೋಲ್ ಮತ್ತಿತರ ರಜೆಗಳ ಮೇಲೆ ಹೊರಗಿದ್ದರೆಂಬುದು ಗುಜರಾತ್ ಸರ್ಕಾರ ನ್ಯಾಯಾಲಯದ ಮುಂದಿಟ್ಟ ದಾಖಲೆಗಳಿಂದಲೇ ಬಯಲಾಯಿತು. 2022ರ ಆಗಸ್ಟ್ 15ರಂದು ಅವರನ್ನು ಬಿಡುಗಡೆಗೊಳಿಸಿದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಜನವರಿ 8ರಂದು ರದ್ದುಪಡಿಸಬೇಕಾಯಿತು. ಅತ್ಯಾಚಾರದ ಅಪರಾಧಿಯಾಗಿ 2017ರಲ್ಲಿ ಜೈಲು ಸೇರಿದ ಹರಿಯಾಣದ ಡೇರಾ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್‌ಗೆ ಹತ್ತಕ್ಕೂ ಹೆಚ್ಚು ಬಾರಿ ಹೊರಬರುವ ಭಾಗ್ಯ ದೊರೆತಿದೆ. ಮತ್ತೊಂದೆಡೆ, ಗಾಲಿಕುರ್ಚಿಯಲ್ಲೇ ಬದುಕುತ್ತಿದ್ದ ಪ್ರಾಧ್ಯಾಪಕ ಜಿ.ಎನ್. ಸಾಯಿಬಾಬಾ ಅವರಿಗೆ 2020ರ ಆಗಸ್ಟ್‌ನಲ್ಲಿ ಹೆತ್ತ ತಾಯಿ ತೀರಿಕೊಂಡಾಗಲೂ ಪೆರೋಲ್ ದೊರೆಯಲಿಲ್ಲ. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು, ಅದೇ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ವಿಚಾರಣೆಯೇ ಆರಂಭವಾಗದ 84ರ ಪಾದ್ರಿ ಸ್ಟ್ಯಾನ್ ಸ್ವಾಮಿ ಜಾಮೀನಿಗಾಗಿ ಕಾಯುತ್ತ 2021ರ ಜುಲೈ 5ರಂದು ಬಂಧನದಲ್ಲಿಯೇ ಕೊನೆಯುಸಿರೆಳೆದರು. ಬಲಿಷ್ಠರ ಪಾಲಿಗೆ ಹೆದ್ದಾರಿಯಂತಿರುವ ದಾರಿ ದುರ್ಬಲರ ಪಾಲಿಗೆ ಬೇಲಿಯಾಗಿದೆ. ಪೆರೋಲ್ ದುರುಪಯೋಗವಾಗುತ್ತಿದೆ ಎಂದು ಅದನ್ನೇ ಮುಚ್ಚಬೇಕೆನ್ನುವವರು ಒಂದನ್ನು ಗಮನಿಸಬೇಕು. ನಿಯಮಗಳು ಬಿಗಿಯಾದಾಗ ಪ್ರಭಾವಿಗಳು ಇನ್ನೊಂದು ಕಿಂಡಿಯನ್ನು ಹುಡುಕಿಕೊಳ್ಳುತ್ತಾರೆ. ಒಳಗೆ ಉಳಿಯುವವರು ವೃದ್ಧರು ಮತ್ತು ಬಡವರು ಮಾತ್ರ.

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪವಿದೆ. ಕೊಲೆಯಾದವನ ಮನೆಯಲ್ಲೂ ಓರ್ವ ವೃದ್ಧ ತಾಯಿಯಿದ್ದಾಳೆ, ಆಕೆಯ ಮಗನಿಗೆ ಯಾವ ಪೆರೋಲೂ ಇಲ್ಲವಲ್ಲ ಎಂಬುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಹತನ ವಾರಸುದಾರರಿಗೆ ಪ್ರತೀಕಾರ, ಪರಿಹಾರ ಮತ್ತು ಕ್ಷಮೆಯ ವಿಚಾರದಲ್ಲಿ ನಿರ್ಣಾಯಕ ಸ್ಥಾನ ನೀಡಿದ ಧರ್ಮದ ಅನುಯಾಯಿಗಳು ನಾವು. ಆದುದರಿಂದಲೇ ನಾವು ಶಿಕ್ಷೆ ಬೇಡವೆನ್ನುತ್ತಿಲ್ಲ. ವೃದ್ಧನ ಶಿಕ್ಷೆ ಹಾಗೆಯೇ ಇರುತ್ತದೆ, ಪೆರೋಲ್‌ನ ದಿನಗಳು ಅದಕ್ಕೆ ಸೇರಿಕೊಳ್ಳುತ್ತವೆ. ನ್ಯಾಯಾಧೀಶರು ವಿಧಿಸಿದ್ದು ಸ್ವಾತಂತ್ರ್ಯಹರಣವನ್ನು. ನೋಡಿಕೊಳ್ಳುವವರಿಲ್ಲದೆ ಮಲಮೂತ್ರದಲ್ಲಿ ಬಿದ್ದಿರುವುದನ್ನಾಗಲಿ, ಹೆಂಡತಿಯ ಮುಖ ನೋಡದೆ ಸಾಯುವುದನ್ನಾಗಲಿ ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ತೀರ್ಪಿನಲ್ಲಿಲ್ಲದ ಶಿಕ್ಷೆಯನ್ನು ವಯಸ್ಸಿನ ಮೂಲಕ ವಿಧಿಸುವುದು ನ್ಯಾಯದ ಹೆಸರಿನಲ್ಲಿ ನಡೆಯುವ ಅನ್ಯಾಯ.

ನಮ್ಮ ಪರಂಪರೆ ಈ ಅಂತರವನ್ನು ಬಹಳ ಮೊದಲೇ ಗುರುತಿಸಿತ್ತು. ಬಡವ ಮತ್ತು ಅನಾಥನ ಜೊತೆಯಲ್ಲಿಯೇ ಸೆರೆಯಾಳಿಗೂ ಉಣಬಡಿಸುವವರನ್ನು ಪವಿತ್ರ ಕುರ್‌ಆನ್ ಸಜ್ಜನರ ಸಾಲಿನಲ್ಲಿ ನಿಲ್ಲಿಸಿದೆ. ಹಸಿದವನಿಗೆ ಅನ್ನ ನೀಡುವುದು, ರೋಗಿಯನ್ನು ಸಂದರ್ಶಿಸುವುದು, ಸೆರೆಯಾಳನ್ನು ಬಿಡಿಸುವುದು ಈ ಮೂರನ್ನೂ ಪ್ರವಾದಿ(ಸ) ಒಂದೇ ಉಸಿರಿನಲ್ಲಿ ಬೋಧಿಸಿದರು. ನಾವು ಮೊದಲಿನ ಎರಡನ್ನು ಕಲಿತೆವು, ಮೂರನೆಯದನ್ನು ಮರೆತೆವು. ಭಿಕ್ಷೆ ಬೇಡುತ್ತಿದ್ದ ಓರ್ವ ವೃದ್ಧ ಯಹೂದಿಯನ್ನು ಕಂಡ ಖಲೀಫಾ ಉಮರ್(ರ) ಆತನನ್ನು ಮನೆಗೆ ಕರೆದೊಯ್ದು ಕೈಲಾದುದನ್ನು ನೀಡಿ, ಯೌವನದಲ್ಲಿ ಆತನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಬೈತುಲ್ ಮಾಲ್‌ನಿಂದ ನೆರವು ನೀಡಲು ಆಜ್ಞಾಪಿಸಿದ ಪ್ರಸಂಗವನ್ನು ಇಮಾಮ್ ಅಬೂ ಯೂಸುಫರು ತಮ್ಮ ಕಿತಾಬುಲ್ ಖರಾಜ್‌ನಲ್ಲಿ ದಾಖಲಿಸಿದ್ದಾರೆ. ಖಲೀಫಾ ಹಾರೂನ್ ರಶೀದರಿಗಾಗಿ ಬರೆದ ಅದೇ ಗ್ರಂಥದಲ್ಲಿ ಅವರು, ಕೈದಿಗಳನ್ನು ಸಂಕೋಲೆಯೊಡನೆ ಭಿಕ್ಷೆಗೆ ಕಳುಹಿಸುವ ಪದ್ಧತಿಯನ್ನು ಖಂಡಿಸಿ, ಅವರ ಊಟಬಟ್ಟೆಯನ್ನು ಖಜಾನೆಯಿಂದಲೇ ಭರಿಸಬೇಕೆಂದೂ ಅಧಿಕಾರಿಗಳು ಕೈದಿಗಳ ಪ್ರಕರಣಗಳನ್ನು ನಿರಂತರವಾಗಿ ಪರಿಶೀಲಿಸುತ್ತಿರಬೇಕೆಂದೂ ಸಲಹೆ ನೀಡಿದ್ದಾರೆ. ಅರ್ಜಿಗಾಗಿ ಕಾಯದೆ ಆಡಳಿತವೇ ಪರಿಶೀಲಿಸಬೇಕೆಂಬ ಇಂದಿನ ನ್ಯಾಯಾಲಯದ ಮಾತು ಸಾವಿರದ ಇನ್ನೂರು ವರ್ಷಗಳ ಹಿಂದೆ ಓರ್ವ ಖಾಝಿಯ ಲೇಖನಿಯಿಂದ ಬಂದಿತ್ತು.

ಶ್ರೀರಂಗಪಟ್ಟಣದ ಕೋಟೆಯೊಳಗೆ ಪ್ರವಾಸಿಗರಿಗೆ ತೋರಿಸುವ ಒಂದು ನೆಲಮಾಳಿಗೆಯ ಸೆರೆಮನೆಯಿದೆ. ಪೊಳ್ಳಿಲೂರಿನ 1780ರ ಯುದ್ಧದಲ್ಲಿ ಹೈದರಲಿ ಮತ್ತು ಟಿಪ್ಪುವಿಗೆ ಸೆರೆಸಿಕ್ಕ ಕರ್ನಲ್ ಬೈಲಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಆತನೊಡನೆ ಸೆರೆಯಾದ ಡೇವಿಡ್ ಬೇರ್ಡ್ ಮೊದಲಾದವರು 1784ರ ಮಾರ್ಚ್‌ನ ಮಂಗಳೂರು ಒಪ್ಪಂದದ ಫಲವಾಗಿ ಬಿಡುಗಡೆ ಹೊಂದಿದರು. ಬೈಲಿ ಮಾತ್ರ 1782ರಲ್ಲಿಯೇ ಸೆರೆಯಲ್ಲಿ ತೀರಿಕೊಂಡಿದ್ದ. ಒಪ್ಪಂದ ಬಂತು, ಆದರೆ ಆತನಿಗಾಗಿ ಬರಲಿಲ್ಲ. ಬಿಡುಗಡೆಗೂ ಒಂದು ಗಡುವಿದೆ ಎಂಬುದಕ್ಕೆ ನಮ್ಮ ಊರಿನ ಕಲ್ಲುಗಳೇ ಸಾಕ್ಷಿ. ಮೂವತ್ತರ ಕೈದಿಗೆ ಆರು ತಿಂಗಳ ವಿಳಂಬ ಬೇಸರವನ್ನುಂಟುಮಾಡಬಹುದು, ಎಂಬತ್ತರ ಕೈದಿಗೆ ಅದು ತಿರಸ್ಕಾರಕ್ಕೆ ಸಮಾನ.

ಸರ್ಕಾರದ ತಪ್ಪುಗಳನ್ನು ಎಣಿಸುವುದು ಸುಲಭ. ನಮ್ಮದನ್ನೂ ಎಣಿಸೋಣ. ಪೆರೋಲ್ ಅರ್ಜಿ ಸೋಲುವುದು ಅನೇಕ ವೇಳೆ ಜೈಲಿನ ಕಚೇರಿಯಲ್ಲಲ್ಲ, ಊರಿನಲ್ಲಿ. ಪೊಲೀಸರು ವಿಚಾರಣೆಗೆ ಬಂದಾಗ ಮನೆಯವರು 'ನಮಗೂ ಅವರಿಗೂ ಸಂಬಂಧವಿಲ್ಲ' ಎನ್ನುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ, ಸಂಬಂಧ ಕೂಡಿಬರುವುದಿಲ್ಲವೆಂಬ ಭಯ. ಜಾಮೀನು ನಿಲ್ಲಲು ಒಬ್ಬ ನೆರೆಯವನೂ ಸಿದ್ಧನಿಲ್ಲ. ಮಸೀದಿಯ ಕಮಿಟಿ ಇದು ತನ್ನ ಕೆಲಸವೆಂದು ಭಾವಿಸಿಲ್ಲ. ಮೊಹಲ್ಲಾದಲ್ಲಿ ಇಫ್ತಾರ್‌ಗೆ ಶಾಮಿಯಾನ ಹಾಕಲು ಹಣವಿದೆ, ವೃದ್ಧ ಕೈದಿಯ ದಂಡದ ಮೊತ್ತ ಕಟ್ಟಲು ಹಣವಿಲ್ಲ. ಜೈಲುಗಳಲ್ಲಿ ಮುಸ್ಲಿಮರ ಪ್ರಮಾಣ ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಹೆಚ್ಚಿದೆ ಎಂಬ ಸರ್ಕಾರಿ ಅಂಕಿ ಅಂಶವನ್ನು ಸಭೆಗಳಲ್ಲಿ ಆಕ್ರೋಶದಿಂದ ಓದುವ ನಾವು, ಆ ಅಂಕಿಗಳಲ್ಲಿರುವ ಒಬ್ಬನ ಹೆಸರನ್ನಾದರೂ ಬಲ್ಲೆವೇ? ಆತನ ಮನೆಯ ಬಾಗಿಲು ತಟ್ಟಿದ್ದೇವೆಯೇ?

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ನಡೆದ ಗಲಭೆಯ ಬಳಿಕ ಎರಡೂ ಸಮುದಾಯಗಳ ಹಲವರು ಬಂಧನಕ್ಕೊಳಗಾದರು. ಅದು ಪೆರೋಲ್‌ನ ವಿಷಯವಲ್ಲ, ಜಾಮೀನಿನ ವಿಷಯ. ಆದರೆ ವಕೀಲರನ್ನು ಹುಡುಕುವುದು, ದಾಖಲೆ ಒದಗಿಸುವುದು, ಜಾಮೀನುದಾರರನ್ನು ಕರೆದೊಯ್ಯುವುದು ಏನೆಂಬುದನ್ನು ಸಂಕಟ ಕಲಿಸುತ್ತದೆ. ಹಾಗೆ ಕಲಿತದ್ದು ಆ ಒಂದು ಪ್ರಕರಣದೊಂದಿಗೇ ಮುಗಿದುಹೋಗಬಾರದು.

ಈ ನಾಲ್ಕು ಪಟ್ಟಣಗಳ ಜಮಾಅತ್‌ಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಾಲೂಕಿನಿಂದ ಜೈಲು ಸೇರಿರುವ ಅರುವತ್ತು ದಾಟಿದವರ ಪಟ್ಟಿಯನ್ನು ಮೊದಲು ಸಿದ್ಧಪಡಿಸಲಿ. ಈ ಪಟ್ಟಿಯಲ್ಲಿ ಧರ್ಮದ ಕಾಲಂ ಬೇಡ. ಉಮರ್(ರ) ಕೈ ಹಿಡಿದ ವೃದ್ಧ ಮುಸ್ಲಿಮನಾಗಿರಲಿಲ್ಲ. ಬಂಧನದಲ್ಲಿರುವ ಪ್ರತಿಯೊಬ್ಬನೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ಕಾನೂನು ನೆರವಿಗೆ ಅರ್ಹ. ತಾಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಪತ್ರ ಬರೆಯಲು ಪದವೀಧರ ಯುವಕನೊಬ್ಬ ಸಾಕು. ದಂಡ ಕಟ್ಟಲಾಗದೆ ಒಳಗಿರುವವರಿಗೆ 25,000 ರೂಪಾಯಿಯವರೆಗೂ ಜಾಮೀನಿನ ಹಣವಿಲ್ಲದ ವಿಚಾರಣಾಧೀನರಿಗೆ 40,000 ರೂಪಾಯಿಯವರೆಗೂ ನೆರವಿನ ಮಿತಿಯಿಟ್ಟು ಬಡ ಕೈದಿಗಳ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ರೂಪಿಸಿತು. ಅದು ಸಾಲದಾದಲ್ಲಿ ಸದಖಾ ಇದೆ. ಝಕಾತ್‌ನ ಎಂಟು ಬಾಬುಗಳಲ್ಲಿ ಕೊರಳ ಬಿಡುಗಡೆಯೂ ಒಂದು, ಸೆರೆಯಾಳುಗಳ ವಿಮೋಚನೆಯನ್ನು ಅದರಲ್ಲಿ ಸೇರಿಸಿದ ಹಿರಿಯ ವಿದ್ವಾಂಸರಿದ್ದಾರೆ. ನಮ್ಮ ಉಲಮಾಗಳು ಈ ಬಗ್ಗೆ ಜುಮಾ ಖುತುಬಾದಲ್ಲಿ ಮಾರ್ಗದರ್ಶನ ನೀಡಲಿ.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಕೈದಿಯ ಮನೆಗೆ ಹೋಗುವ ಮುನ್ನ ಹಿರಿಯರು ಸಂತ್ರಸ್ತರ ಮನೆಗೆ ಹೋಗಬೇಕು. ಅವರ ನೋವನ್ನು ಕೇಳಬೇಕು, ವೃದ್ಧನ ಸ್ಥಿತಿಯನ್ನು ತಿಳಿಸಬೇಕು, ಆತ ಊರಿನಲ್ಲಿರುವಷ್ಟು ದಿನ ಅವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ಹೊರಬೇಕು. ಪೆರೋಲ್ ನೀಡಿದರೆ ಊರಿನ ಶಾಂತಿಗೆ ಭಂಗವಾದೀತು ಎಂಬುದು ಠಾಣೆಯ ವರದಿಗಳಲ್ಲಿ ಪದೇ ಪದೇ ಕಾಣುವ ಮಾತು. ಶಾಂತಿಗೆ ಊರೇ ಜವಾಬ್ದಾರಿ ವಹಿಸಿಕೊಂಡರೆ ಆ ವಾಕ್ಯವನ್ನು ಬರೆಯುವ ಲೇಖನಿ ತಾನಾಗಿ ತಡೆಯುತ್ತದೆ. ಸಂತ್ರಸ್ತರು ಒಪ್ಪದಿದ್ದರೆ ಅವರ ಮೇಲೆ ಒತ್ತಡ ಹೇರಬಾರದು, ಬೇರೊಂದು ಊರಿನ ಬಂಧುಗಳ ಮನೆಯಲ್ಲಿ ಪೆರೋಲ್ ಕಳೆಯುವ ಅವಕಾಶವನ್ನು ಕೇಳಬಹುದು.

ರಾಜ್ಯ ಸರ್ಕಾರದಿಂದ ನಾವು ಅಪೇಕ್ಷಿಸುವುದು ಮೂರು ಸರಳ ಸಂಗತಿಗಳನ್ನು. ಒಂದು, ಪ್ರತಿಯೊಂದು ಕಾರಾಗೃಹದಲ್ಲಿರುವ ಅರುವತ್ತು, ಎಪ್ಪತ್ತು, ಎಂಬತ್ತು ದಾಟಿದ ಕೈದಿಗಳ ಲೆಕ್ಕವನ್ನು ಪ್ರತ್ಯೇಕವಾಗಿ ಪ್ರಕಟಿಸಬೇಕು. ಎರಡು, ಎಪ್ಪತ್ತು ದಾಟಿದವರ ವಿಚಾರದಲ್ಲಿ ವಯಸ್ಸೇ ಪೆರೋಲ್‌ಗೆ ಸಾಕಾದ ಕಾರಣವೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಸೇರಿಸಿ, ಅರ್ಜಿಗಾಗಿ ಕಾಯದೆ ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ಮೂರು, ಪೊಲೀಸ್ ವರದಿಗೆ ಬಿಗಿಯಾದ ಗಡುವಿರಬೇಕು, ನಿರಾಕರಿಸುವುದಾದರೆ ಆ ವ್ಯಕ್ತಿಯ ಈಗಿನ ದೇಹಸ್ಥಿತಿಯನ್ನು ನೋಡಿ ನಿರ್ದಿಷ್ಟ ಕಾರಣ ಬರೆಯಬೇಕು. ಅಪಾಯಕಾರಿಯಾದವನನ್ನು ತಡೆಯುವ ಅಧಿಕಾರ ಆಗಲೂ ಸರ್ಕಾರದ ಕೈಯಲ್ಲೇ ಉಳಿಯುತ್ತದೆ. ಕೋಲೂರಿ ನಡೆಯುವವನಿಂದ ಊರಿಗೆ ಯಾವ ಅಪಾಯವಿದೆಯೆಂದು ವಿವರಿಸುವ ಹೊಣೆ ಮಾತ್ರ ಅದರ ಮೇಲೆ ಬೀಳುತ್ತದೆ.

ಕಲಬುರಗಿಯ ವೃದ್ಧೆಯನ್ನು ಓರ್ವ ನ್ಯಾಯಮೂರ್ತಿ ಕಂಡರು. ಪ್ರತಿಯೊಂದು ಜೈಲಿಗೂ ಪ್ರತಿದಿನ ಓರ್ವ ನ್ಯಾಯಮೂರ್ತಿ ಹೋಗಲಾರರು. ಕಾಣುವ ಆ ಕೆಲಸವನ್ನು ಸರ್ಕಾರವು ನಿಯಮದ ಮೂಲಕವೂ ಸಮಾಜವು ಕಾಳಜಿಯ ಮೂಲಕವೂ ವಹಿಸಿಕೊಳ್ಳದಿದ್ದರೆ ಇನ್ನುಳಿದ ವೃದ್ಧರು ಶವವಾಗಿ ಮಾತ್ರ ಮನೆಗೆ ಮರಳುವರು. ಅಂದು ಜನಾಝಾಕ್ಕೆ ಸಾಲುಗಟ್ಟಿ ನಿಲ್ಲುವ ಮೊಹಲ್ಲಾದ ಜನರು, ಆತ ಬದುಕಿರುವಾಗಲೇ ಜಾಮೀನಿನ ಕಾಗದಕ್ಕೆ ಒಂದು ಸಹಿ ಹಾಕಲು ಮುಂದೆ ಬರಲಿ.